ಸೂಚಕರು, ಅನುಮೋದಕರು

ಗುಳೇದಗುಡ್ಡ ಪುರಸಭೆಯ ಠರಾವು ಪುಸ್ತಕ
ಹತ್ತೊಂಬತ್ತು ವರ್ಷದಿಂದ ಬರೆಯುವವ ನಾನೇ.
ಎಡಕ್ಕೆ ವಿಷಯ, ನಡುವೆ ಠರಾವು,
ಕೆಳಗೆ ಎರಡು ಗೆರೆ:
ಸೂಚಕರು. ಅನುಮೋದಕರು.
ಒಬ್ಬರು ಅಂದದ್ದಕ್ಕೆ ಇನ್ನೊಬ್ಬರು ಹೌದೆನ್ನಬೇಕು,
ಆಮೇಲೆ ಉಳಿದವರು ಜಗಳಾಡಬೇಕು.
ಇಷ್ಟೇ ನನಗೆ ಗೊತ್ತಿದ್ದ ರಾಜ್ಯಶಾಸ್ತ್ರ.

ಜಗಳಕ್ಕೇನು ಕಮ್ಮಿ ಇರಲಿಲ್ಲ.
ಎಂಟನೇ ವಾರ್ಡಿನ ಖಾಜಾಬೀ ನಾಲಬಂದ
ಒಂದು ನಳಕ್ಕಾಗಿ ಮೇಜು ಗುದ್ದಿದಾಗ
ಶಿಕ್ಕಾದ ಶಾಯಿ ಚೆಲ್ಲಿ
ಪುಟ ನೂರಾ ಆರರ ಮೇಲೆ ಇನ್ನೂ ಇದೆ ನೇರಳೆ ಕಲೆ.
ಅದರ ಪಕ್ಕ: ವಿರೋಧ, ಹನ್ನೊಂದು.

ದೇವರಂಥವರಲ್ಲ ಅವರು, ಸುಳ್ಳು ಯಾಕೆ ಹೇಳಲಿ.
ಅಧ್ಯಕ್ಷರ ಚುನಾವಣೆಯ ಮುನ್ನಾ ವಾರ
ಹದಿಮೂರು ಮಂದಿ ಒಂದೇ ಬಸ್ಸು ಹತ್ತಿ
ಮಹಾಬಳೇಶ್ವರಕ್ಕೆ ಹೋದರು.
ಮೊಬೈಲೆಲ್ಲ ಒಂದು ಚೀಲದಾಗ, ಚೀಲ ಪಾರ್ಟಿಯವರ ಕೈಯಾಗ.
ಸ್ಟ್ರಾಬೆರಿ ಡಬ್ಬಿ ಹಿಡಿದು ಬಂದು ಕೈ ಎತ್ತಿದರು,
ಎತ್ತು ಅಂದಾಗ.
ಒಂದು ಡಬ್ಬಿ ನನಗೂ ಬಂತು. ತಿಂದೆ.

ಅವಧಿ ಮುಗಿಯಿತು.
ಮೀಸಲಾತಿ ಪಟ್ಟಿ ಹೊರಬಿತ್ತು, ಕೋರ್ಟಿಗೆ ಹೋಯಿತು.
ಆಳುವವರಿಗೆ ಆ ಪಟ್ಟಿ ಬೇಡ, ಎದುರಿನವರಿಗೆ ಈ ಪಟ್ಟಿ ಬೇಡ,
ಅಷ್ಟರೊಳಗ ಸರಕಾರ ಬದಲಾಗಿ
ಬೇಡ ಅಂದವರೇ ಬೇಕು ಅಂದರು.
ಈ ಗದ್ದಲದ ನಡುವೆ ಒಂದೂವರೆ ಸಾಲಿನ ಆದೇಶ:
ಮುಂದಿನ ಆದೇಶದವರೆಗೆ ಆಡಳಿತಾಧಿಕಾರಿ.

ಬಾಗಲಕೋಟೆಯಿಂದ ಗುರುವಾರಕ್ಕೊಮ್ಮೆ ಬರುತ್ತಾರೆ,
ನಾಲ್ಕು ಊರಿನ ಪ್ರಭಾರ ತಲೆಯ ಮೇಲೆ ಹೊತ್ತು.
ಒಳ್ಳೆಯವರು. ಚಹಾ ಸಹ ಥರ್ಮಾಸಿನಲ್ಲಿ ತಾವೇ ತರುತ್ತಾರೆ.
ಹನ್ನೆರಡು ವರ್ಷ ಆಗದ ಬಜಾರದ ಗಟಾರ
ಹನ್ನೆರಡು ದಿನದಾಗ ಆತು.
ಊರು ಚಪ್ಪಾಳೆ ಹೊಡೆಯಿತು. ನಾನೂ.

ಮೊದಲ ಗುರುವಾರ ಕೇಳಿದೆ:
"ಸಾಹೇಬ್ರ, ಸೂಚಕರು ಯಾರು ಅಂತ ಬರೀಲಿ?"
"ಆಡಳಿತಾಧಿಕಾರಿಗಳು."
"ಅನುಮೋದಕರು?"
"ಅವರೇ," ಅಂದರು, ತಮ್ಮನ್ನೇ,
ಫೈಲಿನಿಂದ ತಲೆ ಎತ್ತದೆ.
ಸರ್ವಾನುಮತದಿಂದ ಎಂದು ಬರೆದುಬಿಟ್ಟೆ,
ಕೈಗೆ ರೂಢಿ.

ಈ ಸಲ ಮಗ್ಗದ ಪರವಾನಿಗೆ ಶುಲ್ಕ ಮೂರು ಪಟ್ಟು.
ರಾತ್ರಿ ಎಂಟರ ಮೇಲೆ ಪವರ್‌ಲೂಮು ಬಂದ್.
ಬಣ್ಣದ ನೀರು ಚೆಲ್ಲಿದರೆ ಬೇರೆ ದಂಡ.
ವಿಷಯ ಒಂದರಿಂದ ಮೂವತ್ತೆರಡು,
ಇಪ್ಪತ್ತು ನಿಮಿಷ, ಇಪ್ಪತ್ತಮೂರು ಖಾಲಿ ಕುರ್ಚಿ.
ಫ್ಯಾನಿನ ಸದ್ದಿಗೆ ಮಾತ್ರ ಯಾವ ನಿಯಮವೂ ಇಲ್ಲ.
ನಮ್ಮಪ್ಪ ಖಣ ನೇಯುತ್ತಿದ್ದ. ಹೊಕ್ಕು ಬೀಳದ ಹಾಸು ತೋರಿಸಿ
"ಇದು ಅರಿವಿ ಅಲ್ಲೋ, ಬರೇ ಎಳಿ" ಅಂತಿದ್ದ.

ಮರುದಿನ ಖಾಜಾಬೀ ಬಂದರು,
ಕಿಟಕಿಯ ಆಚೆ, ಸಾಲಿನಲ್ಲಿ, ಮಾಜಿ.
"ನಂದು ವಿರೋಧ ಐತಿ, ಬರಕೋ."
"ಆ ಕಾಲಮ್ಮು ಈಗ ಇಲ್ಲಬೇ ಅಕ್ಕಾ."
"ಪುಸ್ತಕ ಅದs ಐತೆಲ್ಲೋ?"
ಪುಸ್ತಕ ಅದೇ.
ಬಿಳಿ ಹಾಳಿ ಕೊಟ್ಟೆ. ಬರೆದರು. ಆವಕ ಶಿಕ್ಕಾ ಹೊಡೆದೆ,
ಅರ್ಜಿ ಸಂಖ್ಯೆ ನಾಕನೂರಾ ಹನ್ನೆರಡು.
ಚೀಟಿ ತಿರುಗಿಸಿ ಮುರುಗಿಸಿ ನೋಡಿ ಅಂದರು:
"ಮೊದಲ ನಾ ಇಲ್ಲ ಅಂದ್ರ ಅದನ್ನ ಎಣಸ್ತಿದ್ರಿ.
ಈಗ ನಂಬರ ಕೊಟ್ಟು ಕಳಸ್ತೀರಿ."

ಗುರುವಾರ. ವಿಷಯ ಒಂದು, ಎಂದಿನಂತೆ:
ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು.
"ಓದೋದು ಬೇಡ, ನಾನೇ ಮಾಡಿದ್ದಲ್ಲವೇ," ಅಂದರು ಸಾಹೇಬರು.
"ಓದಿ ಅಂತ ನಿಯಮದಾಗ ಐತ್ರಿ," ಅಂದೆ.
ನಿಂತು ಓದಿದೆ,
ಮೂವತ್ತೆರಡೂ, ಶುಲ್ಕ, ದಂಡ, ಕಲಮು ಸಮೇತ,
ಜೋರಾಗಿ.
ಕಿಟಕಿ ತೆರೆದಿತ್ತು.
ಹೊರಗೆ ಸಾಲು ಇತ್ತು.