ಮುದ್ದೆಮಾಲು ನಂಬರ್ ಎಪ್ಪತ್ತೊಂದು

ಪಿಂಪ್ರಿ ಕೋರ್ಟಿನ ಮುದ್ದೆಮಾಲು ಕೋಣೆಗೆ
ಒಂದೇ ಕಿಟಕಿ, ಅದೂ ಗೋಡೆ ನೋಡುತ್ತದೆ.
ಕೀಲಿಕೈ ನನ್ನದು. ಒಳಗಿನದ್ಯಾವುದೂ ನನ್ನದಲ್ಲ.

ಮೊಂಡ ಕೊಯ್ತಾ, ರಕ್ತ ಒಣಗಿದ ಅಂಗಿ, ಒಂಟಿ ಚಪ್ಪಲಿ,
ಇವುಗಳ ನಡುವೆ ನಲವತ್ತೆರಡು ಕಿಲೋ ಉಕ್ಕು:
ಪಂಪಿನ ರೆಕ್ಕೆ ಹೊಯ್ಯುವ ಅಚ್ಚು.
ಬಂದು ಆರು ವರ್ಷವಾಯಿತು.

ಲುಂಕಡ್ ಅಂದ: ಕಂಪನಿಯದು, ಕದ್ದ.
ಪರಾಂಜಪೆ ಅಂದ: ಕಂಪನಿ ಹುಟ್ಟುವ ಮೊದಲೇ
ನನ್ನ ಶೆಡ್ಡಿನಲ್ಲಿತ್ತು, ಬಳಸಲು ಕೊಟ್ಟಿದ್ದೆ, ತಿರುಗಿ ತಂದೆ.
ಒಬ್ಬನ ಕೈಯಲ್ಲಿ ಬ್ಯಾಲೆನ್ಸ್ ಶೀಟು,
ಇನ್ನೊಬ್ಬನದು ಭೋಸರಿಯ ಅಂಗಡಿಯ ಹಳದಿ ರಸೀದಿ,
ಮಡಿಕೆಯಲ್ಲಿ ಹರಿದು ತಾರೀಖು ಹೋಗಿದೆ.
(ಹರಿಯುವುದು ಯಾವಾಗಲೂ ತಾರೀಖೇ.)

ಫಿಟ್ಟರ್ ಮುಲಾಣಿ ಸಾಕ್ಷಿಗೆ ಬಂದ ದಿನ
ನಾನೂ ಜವಾನನೂ ಹೊತ್ತು ಮೇಜಿಗಿಟ್ಟೆವು.
ಇದೇನಾ? ಇದೇ.
ಗುರುತು ಹೇಗೆ?
ಮುದುಕ ಕಣ್ಣು ಮುಚ್ಚಿ ಐದನೇ ರೆಕ್ಕೆಯ ಗುಳಿಗೆ ಹೆಬ್ಬೆರಳಿಟ್ಟ.
ಮಗಳು ಹುಟ್ಟಿದ ಸುದ್ದಿ ಬಂದ ರಾತ್ರಿಪಾಳಿಯಲ್ಲಿ
ಅಲ್ಲಿ ಅರ ಜಾರಿತ್ತಂತೆ.
ಅದಕ್ಕೇ ಈ ಅಚ್ಚಿನ ಪಂಪುಗಳೆಲ್ಲ
ಇಲ್ಲಿಂದ ಸೊಲ್ಲಾಪುರದವರೆಗೂ
ಒಂಚೂರು ಗುನುಗುತ್ತವೆ, ಅಂದ.
ಇದು ಅಪ್ರಸ್ತುತ, ಅಂದರು ವಕೀಲರು. ಇಬ್ಬರೂ. ಒಟ್ಟಿಗೆ.
ಆರು ವರ್ಷದಲ್ಲಿ ಅವರು ಒಪ್ಪಿದ್ದು ಅದೊಂದೇ.

ನಿನ್ನೆ ತೀರ್ಪು.
ಮ್ಯಾಜಿಸ್ಟ್ರೇಟ್ ಬಾಯಿ ಕನ್ನಡಕ ತೆಗೆದು ಒರೆಸಿದರು:
ತನ್ನದೆಂದು ನಂಬಿ ಒಯ್ದವನನ್ನು ಕಳ್ಳ ಎನ್ನಲಾರೆ.
ಅವನದೇ ಎಂದೂ ಅನ್ನಲಾರೆ.
ಇವನನ್ನು ಜೈಲಿಗೆ ಕಳಿಸಲೋ ಬೇಡವೋ,
ನನ್ನನ್ನು ಕೇಳಿದ್ದು ಅಷ್ಟೇ.
ಯಾರದೆಂದು ಕೇಳುವ ಮನೆ ಬೇರೆ, ಶಿವಾಜಿನಗರದಲ್ಲಿದೆ,
ಅಲ್ಲಿ ದಾವೆ ಹಾಕಿ.
ಅಲ್ಲಿಯವರೆಗೆ ಯಾರಿಂದ ತಂದಿರೋ ಅವರಿಗೇ ಕೊಡಿ, ಮುಚ್ಚಳಿಕೆ ಬರೆಸಿ:
ಮಾರಕೂಡದು, ಕರಗಿಸಕೂಡದು.

ಲುಂಕಡ್ ಬೆವರಿದ. ಗೆದ್ದ ಪರಾಂಜಪೆಯೂ ಬೆವರಿದ.
ನನ್ನ ರಿಜಿಸ್ಟರಿನಲ್ಲಿ
ಯಾರಿಂದ ಬಂತು ಎಂಬುದಕ್ಕೊಂದು ಮನೆ,
ಯಾರ ಕೈಗೆ ಹೋಯಿತು ಎಂಬುದಕ್ಕೊಂದು.
ಎರಡರಲ್ಲೂ ಒಂದೇ ಹೆಸರು ಬರೆದೆ.
ಮೂರನೆಯ ಮನೆಯನ್ನು ಅಚ್ಚು ಹಾಕಿದವರೇ ಗೆರೆ ಎಳೆದಿರಲಿಲ್ಲ.

ಟೆಂಪೋ ಹೋಯಿತು. ನೆಲದಲ್ಲಿ ತುಕ್ಕಿನ ಬಳೆ ಉಳಿಯಿತು,
ಸೀಮೆಎಣ್ಣೆ ಹಾಕಿ ತಿಕ್ಕಿದೆ, ಹೋಗಲಿಲ್ಲ.

ಇವತ್ತು ಬೆಳಗಿನ ಐದಕ್ಕೆ ನಮ್ಮ ಚಾಳಿನ ಪಂಪು ಶುರುವಾಯಿತು.
ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ
ಮೆಟ್ಟಿಲ ಕೆಳಗೆ ಹೋಗಿ ಕಿವಿ ಇಟ್ಟು ಕೂತೆ.
ಅಲ್ಲೇನು ಮಾಡ್ತೀರಿ, ಅಂದಳು ಕಮಲಾಕ್ಷಿ ಮೇಲಿನಿಂದ,
ನೀರು ನಿಲ್ತದ, ಕೊಡ ಹಿಡೀರಿ.