ಮೊಟ್ಟೆಯ ಗಾಡಿ

ಬಂಪರಿನ ಮೇಲೆ ಮೊಣಕಾಲೂರಿ ಒತ್ತಿ ಬಿಟ್ಟ ಹಿಸ್ಕಿಯಾ,
ಎಣಿಸಿದ: ಒಂದು, ಎರಡು, ಮೂರೂವರೆ.
"ಗಾಡಿಯಲ್ಲ ಅಕ್ಕಾ, ಇದು ತೊಟ್ಟಿಲು."

ಇಪ್ಪತ್ತೆರಡು ವರ್ಷದ ಪಜೆರೊ.
ಔಟ್ಯೋ ಪೇಟೆಗೆ ದಿನವೂ ಮೂವತ್ತೆಂಟು ಕಿಲೋಮೀಟರು
ಜಲ್ಲಿದಾರಿ, ತಗಡಿನ ಹಾಗೆ ಅಲೆಯಲೆ.
ಹಿಂದೆ ಅರವತ್ತು ಡಜನ್ ಮೊಟ್ಟೆ.
ಒಡೆದವನ್ನು ಸಂಜೆ ನಾನೇ ತಿನ್ನುತ್ತೇನೆ.
ಈ ವರ್ಷ ದಪ್ಪಗಾಗಿದ್ದೇನೆ.

ಮೇಜಿನ ಮೇಲೆ ಎರಡು ಬಗೆ ತಂದಿಟ್ಟ:
ಹಳದಿಯದು ಗ್ಯಾಸಿನದು, ಬಿಗಿ, ಭಾರಕ್ಕೆ ಬಗ್ಗದ್ದು;
ಕರಿಯದು ಬರೀ ಎಣ್ಣೆ, ಮೆದು, ಅರ್ಧ ಬೆಲೆ.
"ತುಂಬಿ ಓಡುತ್ತದೋ, ಖಾಲಿ ಓಡುತ್ತದೋ?"
ಹೋಗುವಾಗ ತುಂಬಿ, ಬರುವಾಗ ಖಾಲಿ.
ಇಡೀ ನಮೀಬಿಯಾದಲ್ಲಿ
ಅಂಥ ಶಾಕು ಯಾರೂ ಮಾರುವುದಿಲ್ಲವಂತೆ.

ಕರಿಯದನ್ನೇ ಕೊಂಡೆ. ಬೆಲೆ ನೋಡಿ ಅಲ್ಲ.
ಸುಳ್ಳು, ಬೆಲೆ ನೋಡಿಯೇ.

ಮರಳುವಾಗ, ಒಣಹೊಳೆ ದಾಟಿದ ಮೇಲೆ,
ಸೀಟಿನಡಿ ದಿನಾ ಗೊಣಗುವ ಸ್ಪ್ಯಾನರು
ಮಾತೇ ಆಡಲಿಲ್ಲ.
ಏನೋ ಕಳಚಿ ಬಿತ್ತೆಂದು
ಗಾಡಿ ನಿಲ್ಲಿಸಿ, ಇಳಿದು, ಕೆಳಗೆ ಬಗ್ಗಿ ನೋಡಿದೆ:
ನಾಲ್ಕು ಕರಿ ಕೊಳವೆ,
ಮೇಲೆ ಆಗಲೇ ಧೂಳು.