ಹೆಪ್ಪು

ಎಂಟು ಗಂಟೆಗೂ ಕತ್ತಲೆ ಕೆರ್ಡ್ಲಾದಲ್ಲಿ.
ಹಳೆಯ ಉಣ್ಣೆ ಗೋದಾಮಿನ ಮಹಡಿಯ ಮೇಲೆ
ಎರಡು ಜೊತೆ ಕಾಲುಚೀಲ ತೊಟ್ಟ ಮೆರಿಕೆ
ನಲವತ್ತು ಪೆಟ್ಟಿಗೆಗಳ ಲೆಕ್ಕ ಹಿಡಿದು ಕೂತಿದ್ದಾಳೆ.
ಸಮುದ್ರ ಹೆಪ್ಪುಗಟ್ಟಿದರೆ ಈ ದ್ವೀಪಕ್ಕೆ ಕಾರಿನಲ್ಲೇ ಬರಬಹುದು;
ಮಂಜುಗಡ್ಡೆ ಎಷ್ಟು ದಪ್ಪವಿದೆಯೆಂದು ದಡಕ್ಕೆ ಹೇಳುವುದು
ಈ ಪೆಟ್ಟಿಗೆಗಳ ಕೆಲಸ. ಗುಟ್ಟಾಗಿ ಹೇಳಬೇಕು,
ನಡುವೆ ಯಾರೂ ಬಾಯಿ ಹಾಕಿ
ಗೇಣನ್ನು ಮೊಳ ಮಾಡದಂತೆ.

ನಿನ್ನೆ ಅಲ್ಲಾರ್ ಅಲ್ಲಿಂದಲೇ ಫೋನು ಮಾಡಿದ,
ಗಾಳಿಗೆ ಅರ್ಧ ಮಾತು ಹಾರಿಹೋಗುತ್ತಿತ್ತು:
‘ಏಳನೆಯದರ ಕೀಲಿ, ಮೂವತ್ತೊಂದರ ಕೀಲಿ, ಒಂದೇ.
ಅಕ್ಷರಕ್ಕೆ ಅಕ್ಷರ.
ಒಂಬತ್ತನೆಯದನ್ನೂ ನೋಡಲೇ?’
ಬೇಡ ಅಂದಳು. ಗೊತ್ತಾಗಿಹೋಗಿತ್ತು.

ಆಗತಾನೇ ಎಚ್ಚರಾದ ಯಂತ್ರಕ್ಕೆ ಏನು ಗೊತ್ತಿರುತ್ತದೆ?
ಮೌಸಿಲ್ಲ, ಕೀಲಿಮಣೆಯ ಮೇಲೆ ತಡವರಿಸುವ ಬೆರಳಿಲ್ಲ,
ತಿರುಗುವ ಡಿಸ್ಕಿನ ಏದುಸಿರೂ ಇಲ್ಲ.
ಕಣ್ಣು ಬಿಡುವ ಮೊದಲೇ, ಯಾರೂ ಊಹಿಸದ
ಒಂದು ಸಂಖ್ಯೆ ನೆನೆಸಿಕೋ ಅಂದರೆ
ಪಾಪ, ಅದು ಏನನ್ನು ನೆನೆಸಿಕೊಂಡೀತು?
ನಲವತ್ತೂ ಅದೊಂದನ್ನೇ ನೆನೆಸಿಕೊಂಡವು.
ಪ್ರತಿಯೊಂದೂ, ಇದು ನನ್ನೊಬ್ಬಳ ಗುಟ್ಟು ಎಂದುಕೊಂಡಿತು.

ಬೀಜವೇನೋ ಇತ್ತು. ಮೂವತ್ತೆರಡು ಬೈಟಿನ ಸಣ್ಣ ಕಡತ.
ಇಟ್ಟವಳು ಅವಳೇ, ಅಕ್ಟೋಬರಿನಲ್ಲಿ.
ಒಂದು ಪೆಟ್ಟಿಗೆ ಸಿದ್ಧಮಾಡಿ, ಅದರ ಪ್ರತಿಯನ್ನು
ಉಳಿದವಕ್ಕೆಲ್ಲ ಸುರಿದಾಗ
ಬೀಜವೂ ಪ್ರತಿಯಾಗಿತ್ತು.

ಕೆಳಗಿನ ಮನೆಯ ಹೆಲ್ಯು ಕಾಫಿ ತಂದವಳು
ಹಾಗೇ ನಿಂತು ತನ್ನ ಮರದ ಮರಿಗೆಯ ಸುದ್ದಿ ತೆಗೆದಳು:
ಪ್ರತಿ ಸಲವೂ ರೈ ಹಿಟ್ಟಿನ ಒಂದು ಮುದ್ದೆ ಉಳಿಸಿ
ಉಪ್ಪು ಮುಚ್ಚಿಟ್ಟರೆ ಮುಂದಿನ ಬ್ರೆಡ್ಡಿಗೆ ಹುಳಿ.
‘ಮೂವರು ಸೊಸೆಯರಿಗೂ ಅದರಲ್ಲೇ ಮುರಿದು ಕೊಟ್ಟೆ,
ಮೂರು ಮನೆಯಲ್ಲೂ ಈಗ ನನ್ನದೇ ರುಚಿ!’
ಮೆರಿಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.
‘ನನ್ನ ಗೋಳೂ ಅದೇ, ಹೆಲ್ಯು.’

ಆಮೇಲೆ ಕೆಲಸಕ್ಕೆ ಕೂತಳು.
ಚಿಪ್ಪಿನ ಆಳದಲ್ಲಿ ವಿದ್ಯುತ್ತು ಸುಮ್ಮನೆ ನಡುಗುವ ಒಂದು ಜಾಗ;
ಅಲ್ಲಿಂದ ಫರ್ಮ್‌ವೇರ್ ಒಂದು ಚಿಟಿಕೆ ತರಲಿ.
(ಶುದ್ಧವೆಂದು ಮಾರಿದವರ ಆಣೆಯಿದೆ. ಆಣೆ, ಅಷ್ಟೇ.)
ಬೂಟ್‌ಲೋಡರ್ ಡಿಸ್ಕಿನಿಂದ ನಿನ್ನೆಯ ಹೆಪ್ಪನ್ನು ತೆಗೆದು
ಎರಡನ್ನೂ ಕದಡಿ, ಗುರುತು ಸಿಗದಂತೆ ಕಡೆದು,
ಒಂದು ಪಾಲು ನಾಳೆಗೆಂದು
ಹಳೆಯದರ ಮೇಲೆಯೇ ಬರೆಯಲಿ,
ಕರ್ನೆಲ್ಲನ್ನು ಎಬ್ಬಿಸುವ ಮುನ್ನವೇ.
ನಡುವೆ ಕರೆಂಟು ಹೋದರೂ ಸರಿಯೆ,
ಒಂದೇ ಹೆಪ್ಪು ಎರಡು ಸಲ ಬೀಳಕೂಡದು.
ಇನ್ನೊಂದು ಪಾಲು ಕರ್ನೆಲ್ಲಿಗೆ.
ಅದು ಕುಡಿದು, ಬಟ್ಟಲು ತೊಳೆದು ಬೋರಲು ಹಾಕುತ್ತದೆ.

ಆದರೂ ಅದು ಜಿಪುಣ ಶಾನುಭೋಗ.
ಯಾರು ಏನು ಸುರಿದರೂ ಬೆರೆಸಿಕೊಳ್ಳುತ್ತದೆ,
ಬೆರೆಸಿದ್ದರಿಂದ ಕೆಡುವುದೇನೂ ಇಲ್ಲ;
ಜಮಾ ಬರೆಯುವಾಗ ಮಾತ್ರ ಲೇಖನಿ ಎತ್ತಿಹಿಡಿದು
ಕೇಳುತ್ತದೆ: ಕೊಟ್ಟವರು ಯಾರು?
ನಂಬಬಹುದೇ?
ಮೆರಿಕೆ ಆ ಸಾಲಿನ ಮುಂದೆ ಬಹಳ ಹೊತ್ತು ಕೂತಳು.
ನಂಬು ಎಂದು ಬರೆದಳು. ಅಳಿಸಿದಳು.
ಮತ್ತೆ ಬರೆದಳು.

ಮೊದಲ ಬೀಜಕ್ಕೆ ಅಡ್ಡದಾರಿ ಇರಲಿಲ್ಲ.
ನಲವತ್ತು ಸಲ ತಂತಿ ಚುಚ್ಚಿ, ನಲವತ್ತು ಸಲ ಕಿತ್ತು,
ಒಂದೊಂದಕ್ಕೂ ಬೇರೆ ಬೇರೆ. ಬೆರಳ ತುದಿ ಜುಮ್ಮೆಂದಿತು.

ಸಂಜೆ ಹೆಲ್ಟರ್ಮಾದಿಂದ ಗಡ್ಡೆಯ ದಾರಿಗಿಳಿದಳು.
ಇಲ್ಲಿ ಸೀಟ್‌ಬೆಲ್ಟು ಕಟ್ಟಬಾರದು,
ಕೆಳಗೆ ಬಿರಿದರೆ ಬಾಗಿಲು ತೆರೆದು ಹಾರಬೇಕು.
ಏಳನೆಯದು ದಾಟಿತು, ದೀಪ ಮಿಣುಕಿತು.
ಬಹಳ ದೂರಕ್ಕೆ ಮೂವತ್ತೊಂದು.
ಒಂದರ ಮನಸ್ಸಿನಲ್ಲಿರುವುದು ಇನ್ನೊಂದಕ್ಕೆ ತಿಳಿಯದು,
ಅವಳಿಗೂ ತಿಳಿಯದು.
ಇವತ್ತು ರಾತ್ರಿ ಅದೇ ನೆಮ್ಮದಿ.

ಪಕ್ಕದ ಸೀಟಿನ ಮೇಲೆ, ಬಟ್ಟೆಯಲ್ಲಿ ಸುತ್ತಿದ
ಹೆಲ್ಯುವಿನ ಹುಳಿಮುದ್ದೆ.
ಒಂದು ತುಂಡು ಉಳಿಸಿಕೋ, ಮರೆಯಬೇಡ ಅಂದಿದ್ದಳು.
ಉಳಿಸಬೇಕು.
ಬ್ರೆಡ್ಡಿನ ನ್ಯಾಯವೇ ಬೇರೆ.